ಫೈನ್ ಕಟ್ಟಿದೀನಿ, ಆದ್ರೂ ಡಿಎಲ್ ಹೋಗುತ್ತಾ? ನಮ್ಮಲ್ಲೂ ಪಾಯಿಂಟ್ ಲೆಕ್ಕ ಐತಾ?

ಹದಡಿ ರೋಡ್ ಡ್ರೈವರ್:
ಎಲ್ರಿಗೂ ನಮಸ್ಕಾರ. ನಾನು ದಾವಣಗೆರೆಯವನು, ಹದಿನಾಲ್ಕು ವರ್ಷದಿಂದ ಯೆಲ್ಲೋ ಬೋರ್ಡ್ ಕಾರು ಓಡಿಸ್ತಿದೀನಿ, ಗಾಡಿ ನಂದೇ, ಲೋನ್ ಇನ್ನೂ ಒಂದೂವರೆ ವರ್ಷ ಐತೆ. ಮದುವೆ ಟ್ರಿಪ್ಪು, ಬೆಂಗಳೂರು ಏರ್‌ಪೋರ್ಟ್ ಡ್ರಾಪು, ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಹೋಗೋರು, ಇದೇ ನನ್ನ ದುಡಿಮೆ. ವಿಷ್ಯ ಏನಂದ್ರೆ ಹನ್ನೆರಡು ದಿನದ ಹಿಂದೆ ಪಿಬಿ ರೋಡಲ್ಲಿ ಗಿರಾಕಿ ಫೋನ್ ಮಾಡಿದ್ರು ಅಂತ ಮೊಬೈಲ್ ಕಿವಿಗಿಟ್ಕೊಂಡು ಹೋಗ್ತಿದ್ದೆ, ಪೊಲೀಸ್ನೋರು ಕೈ ಅಡ್ಡ ಹಾಕಿದ್ರು, ತಪ್ಪು ನಂದೇ, ವಾದ ಮಾಡ್ಲಿಲ್ಲ. ಫೈನ್ ಕಟ್ಟಿಸ್ಕೊಂಡ್ರು, ಡಿಎಲ್ ಕಾರ್ಡ್ ಕೂಡ ಇಸ್ಕೊಂಡು ಒಂದು ರಸೀದಿ ಕೊಟ್ಟು, ಇದು ಆರ್‌ಟಿಒಗೆ ಹೋಗುತ್ತೆ ಅಂದ್ರು. ನಿನ್ನೆ ನೋಟಿಸ್ ಬಂದೈತೆ, ಡಿಎಲ್ ಯಾಕೆ ಅಮಾನತು ಮಾಡಬಾರದು ಅಂತ ಬಂದು ಹೇಳ್ಬೇಕಂತೆ.

ನನ್ನ ತಮ್ಮ ಕ್ಯಾಲಿಫೋರ್ನಿಯಾದಲ್ಲಿ ಇದಾನೆ, ಅವನಿಗೂ ಹೋದ ತಿಂಗಳು ಸ್ಪೀಡಿಂಗ್ ಟಿಕೆಟ್ ಬಿದ್ದಿತ್ತು, ಅಣ್ಣ ನಂಗೆ ಒಂದು ಪಾಯಿಂಟ್ ಬಿತ್ತು ಇನ್ಶೂರೆನ್ಸ್ ಏರುತ್ತೆ ಅಂತ ಅವ್ವನ ಮುಂದೆ ಹೇಳ್ತಿದ್ದ. ಈಗ ನಂದೂ ಹಂಗೇ ಪಾಯಿಂಟ್ ಲೆಕ್ಕನಾ? ಫೈನ್ ಕಟ್ಟಿದ ಮೇಲೆ ಮುಗೀಲಿಲ್ವಾ? ಗೊತ್ತಿರೋರು ಹೇಳಿ, ಮುಂದಿನ ವಾರ ಎರಡು ಮದುವೆ ಟ್ರಿಪ್ ಒಪ್ಕೊಂಡಿದೀನಿ.

ಮಂಡಿಪೇಟೆ:
ಅಣ್ಣ ಏನೂ ಆಗಲ್ಲ ಬಿಡಿ, ದುಡ್ಡು ಕಟ್ಟಿದ ಮೇಲೆ ಕೇಸ್ ಕ್ಲೋಸ್. 2023ರ ಫೆಬ್ರವರಿಲಿ ಅರ್ಧ ರೇಟಿಗೆ ಹಳೇ ಚಲನ್ ಎಲ್ಲ ಕಟ್ಟಿಸ್ಕೊಂಡ್ರಲ್ಲ, 2025ರಲ್ಲೂ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರ ತನಕ ಕೊಟ್ಟಿದ್ರು, ನಾನು ಸ್ಕೂಟರ್‌ದು ಏಳು ಕ್ಲಿಯರ್ ಮಾಡಿದೆ, ನನ್ನ ಡಿಎಲ್ ಇನ್ನೂ ನನ್ನ ಪರ್ಸಲ್ಲೇ ಐತೆ.

ದುರ್ಗದ ವಕೀಲ:
ಹದಡಿ ರೋಡ್ ಅವರೇ, ಮೊದ್ಲು ಒಂದು ಪ್ರಶ್ನೆ, ಈ ಹನ್ನೆರಡು ದಿನ ಗಾಡಿ ಓಡಿಸಿದೀರಾ?

ಹದಡಿ ರೋಡ್ ಡ್ರೈವರ್:
ಹೌದು ಸರ್, ರಸೀದಿ ಜೇಬಲ್ಲೇ ಐತೆ. ಮೊನ್ನೆ ಬೆಂಗಳೂರಿಗೂ ಹೋಗಿ ಬಂದೆ.

ದುರ್ಗದ ವಕೀಲ:
ಇವತ್ತಿಂದ ಸ್ಟೇರಿಂಗ್ ಮುಟ್ಟಬೇಡಿ. ಬಾಕಿದೆಲ್ಲ ಆಮೇಲೆ ಹೇಳ್ತೀನಿ, ಇದನ್ನ ಮೊದ್ಲು ತಲೇಲಿ ಇಟ್ಕೊಳ್ಳಿ. ಡಿಎಲ್ ಇಸ್ಕೊಂಡು ಕೊಡೋ ರಸೀದಿಲಿ ಎರಡು ತರ ಇದಾವೆ. ಮೋಟಾರು ವಾಹನ ಕಾಯ್ದೆ 206ನೇ ಸೆಕ್ಷನ್ ತೆಗೆದು ನೋಡಿ. ಸಾಮಾನ್ಯ ಕಾರಣಕ್ಕೆ, ಕೋರ್ಟಿಗೆ ಬರದೆ ತಪ್ಪಿಸ್ಕೊತಾನೆ ಅನ್ನೋ ಅನುಮಾನಕ್ಕೋ ಇನ್ನೊಂದಕ್ಕೋ ಡಿಎಲ್ ತಗೊಂಡ್ರೆ ಆ ರಸೀದಿ ಮೇಲೆ ಗಾಡಿ ಓಡಿಸಬಹುದು. ಆದ್ರೆ 2019ರ ತಿದ್ದುಪಡಿಲಿ 206(4) ಅಂತ ಹೊಸದು ಸೇರಿಸಿದ್ರು. ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಓಡಿಸೋದು, ಹೆಲ್ಮೆಟ್ ಇಲ್ಲದಿರೋದು, ಟೂ ವೀಲರಲ್ಲಿ ತ್ರಿಬಲ್ ರೈಡಿಂಗು, ಆಂಬುಲೆನ್ಸಿಗೆ ದಾರಿ ಬಿಡದೆ ಇರೋದು, ಇಂಥವಕ್ಕೆ ಡಿಎಲ್ ತಗೊಂಡು ನೇರ ಆರ್‌ಟಿಒಗೆ ಕಳಿಸಬಹುದು, ಮತ್ತೆ ಅದಕ್ಕೆ ಕೊಡೋ ರಸೀದಿ ಓಡಿಸೋಕೆ ಪರವಾನಗಿ ಅಲ್ಲ ಅಂತ ಅಲ್ಲೇ ಬರೆದೈತೆ. ಮೊಬೈಲ್ ಕೈಲಿ ಹಿಡ್ಕೊಂಡು ಓಡಿಸೋದು 184, ಅಪಾಯಕಾರಿ ಚಾಲನೆ ವಿವರಣೆಲೇ ಬರುತ್ತೆ. ನಿಮ್ಮ ರಸೀದಿಲಿ ಯಾವ ಸೆಕ್ಷನ್ ಬರೆದಿದಾರೆ ನೋಡಿ ಹೇಳಿ.

ಹದಡಿ ರೋಡ್ ಡ್ರೈವರ್:
ಸರ್ ನೋಡಿದೆ. 184 ಅಂತಾನೇ ಐತೆ, ಕೆಳಗೆ 206(4) ಅಂತ ಪೆನ್ನಲ್ಲಿ ಬರೆದಿದಾರೆ. ಕೈಕಾಲು ತಣ್ಣಗಾಯ್ತು. ಆ ಬೆಂಗಳೂರು ಟ್ರಿಪ್ಪಲ್ಲಿ ಗಾಡೀಲಿ ಒಬ್ಬರು ಬಸುರಿ ಹೆಂಗಸು ಇದ್ರು ಸರ್.

ದುರ್ಗದ ವಕೀಲ:
ಆಗಿದ್ದು ಆಗೋಯ್ತು, ಇನ್ಮೇಲೆ ಬೇಡ. ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ನಮ್ಮ ಕಾಯ್ದೆಲಿ ಪಾಯಿಂಟ್ ಲೆಕ್ಕ ಇಲ್ಲ. 2014ರಲ್ಲಿ ರಸ್ತೆ ಸಾರಿಗೆ ಮತ್ತು ಸುರಕ್ಷತಾ ಮಸೂದೆ ಅಂತ ಕರಡು ಮಾಡಿದ್ರಲ್ಲ, ಅದರಲ್ಲಿ ಇತ್ತು, ಅದು ಕಾಯ್ದೆ ಆಗ್ಲೇ ಇಲ್ಲ. ಪಾಯಿಂಟ್ ಇಲ್ಲ ಅಂದ ಕೂಡ್ಲೆ ದಾಖಲೆನೂ ಇಲ್ಲ ಅಂತ ಜನ ಅನ್ಕೊಂಡಿದಾರೆ, ತಪ್ಪು ಆಗ್ತಿರೋದೇ ಅಲ್ಲಿ.

ಮಂಡಿಪೇಟೆ ಅವರೇ, ದುಡ್ಡು ಕಟ್ಟಿದ್ರೆ ಕ್ಲೋಸ್ ಅಂದ್ರಲ್ಲ, 200ನೇ ಸೆಕ್ಷನ್ ಓದಿ. ಸ್ಥಳದಲ್ಲೇ ಫೈನ್ ಕಟ್ಟಿ ರಾಜಿ ಮಾಡ್ಕೊಳ್ಳೋಕೆ ಅವಕಾಶ ಕೊಡೋದೇ ಆ ಸೆಕ್ಷನ್. ಅದಕ್ಕೆ 2019ರಲ್ಲಿ ಎರಡು ಮಾತು ಜೋಡಿಸಿದಾರೆ. ಫೈನ್ ಕಟ್ಟಿ ರಾಜಿ ಆಗಿದ್ರೂ ಅದನ್ನ ಹಿಂದಿನ ತಪ್ಪು ಅಂತಲೇ ಎಣಿಸ್ಬೇಕು, ಅಂದ್ರೆ ಮುಂದಿನ ಸಲ ಸಿಕ್ಕಿದ್ರೆ ಎರಡನೇ ತಪ್ಪು. ಇನ್ನೊಂದು, ಫೈನ್ ಕಟ್ಟಿದ ಮಾತ್ರಕ್ಕೆ 206(4) ಕ್ರಮದಿಂದ ಬಿಡುಗಡೆ ಇಲ್ಲ. ದಂಡ ಒಂದು ದಾರಿ, ಡಿಎಲ್ ಇನ್ನೊಂದು ದಾರಿ, ಎರಡೂ ಒಂದ್ಕೊಂದು ಸೇರಲ್ಲ. ನಿಮ್ಮ ಸ್ಕೂಟರ್ ಏಳು ಚಲನ್ನಿಗೆ ಡಿಎಲ್ ಉಳಿದಿದ್ದು ಯಾಕಂದ್ರೆ ಅವು ಕ್ಯಾಮೆರಾ ಹೊಡೆದ ಚಲನ್, ನಂಬರ್ ಪ್ಲೇಟ್ ಮೇಲೆ ಬಿದ್ದಿರೋದು, ಯಾರು ಓಡಿಸ್ತಿದ್ರು ಅಂತ ಯಾರೂ ಕೇಳಿಲ್ಲ, ಡಿಎಲ್ ಯಾರ ಕೈಗೂ ಹೋಗಿಲ್ಲ. ಅಷ್ಟೇ ವ್ಯತ್ಯಾಸ.

ಹದಡಿ ರೋಡ್ ಅವರೇ ನಿಮಗೆ ಏನಾಗಬಹುದು ಅಂದ್ರೆ, 19(1ಎ) ಪ್ರಕಾರ ಮೊದಲನೇ ಸಲಕ್ಕೆ 3 ತಿಂಗಳು ಅನರ್ಹತೆ, ಎರಡನೇ ಸಲಕ್ಕೆ ಡಿಎಲ್ಲೇ ರದ್ದು. 3 ತಿಂಗಳು ಮುಗಿದ ಮೇಲೂ ಸುಮ್ನೆ ವಾಪಸ್ ಕೊಡಲ್ಲ, ರಿಫ್ರೆಶರ್ ಟ್ರೈನಿಂಗ್ ಮುಗಿಸಿರ್ಬೇಕು. ಆದೇಶ ಸರಿ ಇಲ್ಲ ಅನ್ಸಿದ್ರೆ ಅದರ ಪ್ರತಿ ಕೈಗೆ ಬಂದ 30 ದಿನದೊಳಗೆ ಅಪೀಲು ಐತೆ. ಹಿಯರಿಂಗಿಗೆ ತಪ್ಪದೆ ಹೋಗಿ, ಹೋಗದೆ ಇದ್ರೆ ಅವರು ಕಾಗದ ನೋಡಿ ಬರೆದುಬಿಡ್ತಾರೆ.

ಎಂಸಿಸಿ ಬಿ ಬ್ಲಾಕ್:
ನಾನೂ ದಾವಣಗೆರೆಯವನೇ, ಕ್ಯಾಲಿಫೋರ್ನಿಯಾದಲ್ಲಿ ಒಂಬತ್ತು ವರ್ಷ ಆಯ್ತು. ಅಣ್ಣ ನಿಮ್ಮ ತಮ್ಮನ ವಿಷ್ಯ ಹೇಳ್ತೀನಿ. ಇಲ್ಲಿ ಫೈನ್ ಕಟ್ಟಿದ್ರೆ ತಪ್ಪು ಒಪ್ಕೊಂಡ ಹಾಗೆ, ಕೋರ್ಟಿಂದ ಡಿಎಂವಿಗೆ ಹೋಗುತ್ತೆ, ಡಿಎಂವಿ ಅಂದ್ರೆ ನಮ್ಮ ಆರ್‌ಟಿಒ ಇದ್ದಂಗೆ, ಅವರು ಪಾಯಿಂಟ್ ಹಾಕ್ತಾರೆ. ಸ್ಪೀಡಿಂಗು ಸಿಗ್ನಲ್ ಜಂಪು ಇವಕ್ಕೆ ಒಂದು, ಕುಡಿದು ಓಡಿಸಿದ್ರೆ ಎರಡು. ಒಂದು ಪಾಯಿಂಟಿಂದು 3 ವರ್ಷದ ಮೇಲೇನೇ ರೆಕಾರ್ಡಲ್ಲಿ ಇರುತ್ತೆ, ಕುಡಿದಿದ್ದು 10 ವರ್ಷ ಇರುತ್ತೆ. 12 ತಿಂಗಳಲ್ಲಿ 4, ಇಲ್ಲಾ 24 ತಿಂಗಳಲ್ಲಿ 6, ಇಲ್ಲಾ 36 ತಿಂಗಳಲ್ಲಿ 8 ಆದ್ರೆ ಇವನು ಬೇಜವಾಬ್ದಾರಿ ಡ್ರೈವರ್ ಅಂತ ಲೈಸೆನ್ಸ್ ಸಸ್ಪೆಂಡ್ ಮಾಡೋಕೆ ಬರ್ತಾರೆ.

ಆದ್ರೆ ಇಲ್ಲಿ ಜನ ನಿಜವಾಗ್ಲೂ ಹೆದರೋದು ಇನ್ಶೂರೆನ್ಸಿಗೆ. 3 ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪಾಯಿಂಟ್ ಇದ್ರೆ ಒಳ್ಳೆ ಡ್ರೈವರ್ ಅಂತ ಕೊಡೋ 20 ಪರ್ಸೆಂಟ್ ರಿಯಾಯಿತಿ ಹೋಗುತ್ತೆ. ನಿಮ್ಮ ತಮ್ಮನಿಗೆ ಟ್ರಾಫಿಕ್ ಸ್ಕೂಲ್ ಕೇಳು ಅಂತ ಹೇಳಿ, 18 ತಿಂಗಳಿಗೆ ಒಂದ್ಸಲ ಅವಕಾಶ, ಮಿತಿಗಿಂತ 25 ಮೈಲಿ ಮೇಲೆ ಹೋಗಿರಬಾರದು, ಆನ್‌ಲೈನಲ್ಲೇ ಕ್ಲಾಸ್ ಮುಗಿಸಿದ್ರೆ ಆ ಪಾಯಿಂಟ್ ಇನ್ಶೂರೆನ್ಸ್ ಕಂಪನಿ ಕಣ್ಣಿಗೆ ಬೀಳಲ್ಲ. ಗಡುವು ಕೋರ್ಟ್ ಕಾಗದದಲ್ಲಿ ಇರುತ್ತೆ, ದಾಟಿಸ್ಬೇಡ ಅನ್ನಿ. ಮತ್ತೆ ಇಲ್ಲೂ ಫೋನಿಗೆ ಮೊದ್ಲು ಪಾಯಿಂಟ್ ಇರ್ಲಿಲ್ಲ, 2021ರ ಜುಲೈ 1ರಿಂದ 36 ತಿಂಗಳೊಳಗೆ ಎರಡನೇ ಸಲ ಸಿಕ್ಕಿದ್ರೆ ಒಂದು ಪಾಯಿಂಟ್ ಅಂತ ಮಾಡಿದ್ರು.

ಹರಿಹರ ಟು ದುಬೈ:
ನಾನು ಇಲ್ಲಿ ಡೆಲಿವರಿ ವ್ಯಾನ್ ಓಡಿಸ್ತೀನಿ, ಆರು ವರ್ಷ ಆಯ್ತು. ಇಲ್ಲಿ ಬ್ಲ್ಯಾಕ್ ಪಾಯಿಂಟ್ ಅಂತಾರೆ. 24 ಆದ್ರೆ ಲೈಸೆನ್ಸ್ ಹೋಯ್ತು, ಮೊದಲನೇ ಸಲ 3 ತಿಂಗಳು, ಎರಡನೇ ಸಲ 6, ಮೂರನೇ ಸಲ ಒಂದು ವರ್ಷ. ಕೆಂಪು ಸಿಗ್ನಲ್ ದಾಟಿದ್ರೆ ಒಂದೇ ಏಟಿಗೆ 12 ಪಾಯಿಂಟು 1,000 ದಿರ್ಹಮ್ಮು, ಗಾಡಿ 30 ದಿನ ಜಪ್ತಿ. ಫೋನಿಗೆ 800 ದಿರ್ಹಮ್ಮು 4 ಪಾಯಿಂಟು, ಬೆಲ್ಟ್ ಹಾಕದಿದ್ರೆ 400ರ ಜೊತೆ 4. ಒಬ್ಬ ಡ್ರೈವರಿಗೆ 3 ತಿಂಗಳು ಲೈಸೆನ್ಸ್ ಇಲ್ಲ ಅಂದ್ರೆ ಕೆಲಸ ಇಲ್ಲ, ಊರಿಗೆ ದುಡ್ಡು ಕಳಿಸೋಕಿಲ್ಲ. ನಮ್ಮ ರೂಮಲ್ಲಿ ಒಬ್ಬನಿಗೆ ಹಂಗೆ ಆಯ್ತು, ಅವನ ಅಪ್ಪ ಅವ್ವಂಗೆ ಹೇಳೋಕೂ ಆಗ್ದೆ ಒದ್ದಾಡಿದ. ಅವತ್ತಿಂದ ನಾನು ಗಾಡಿ ಹತ್ತಿದ ಕೂಡ್ಲೆ ಫೋನ್ ಸೈಲೆಂಟ್ ಮಾಡಿ ಡ್ಯಾಶ್‌ಬೋರ್ಡ್ ಒಳಗೆ ಹಾಕ್ತೀನಿ.

ಇಲ್ಲಿ ಪಾಯಿಂಟ್ ಇಳಿಸೋ ದಾರಿನೂ ಐತೆ. ಆಗಸ್ಟಲ್ಲಿ ಶಾಲೆ ಶುರುವಾಗೋ ದಿನ ಅಪಘಾತ ಇಲ್ಲದ ದಿನ ಅಂತ ಮಾಡ್ತಾರೆ, ಆನ್‌ಲೈನಲ್ಲಿ ಪ್ರತಿಜ್ಞೆ ಮಾಡಿ ಅವತ್ತು ಒಂದೂ ತಪ್ಪು ಮಾಡದೆ ಓಡಿಸಿದ್ರೆ 4 ಪಾಯಿಂಟ್ ಕಮ್ಮಿ ಆಗುತ್ತೆ.

ಮಂಡಿಪೇಟೆ:
ವಕೀಲರೇ ಸೆಕ್ಷನ್ ಗೊತ್ತಿರ್ಲಿಲ್ಲ, ಒಪ್ಕೊತೀನಿ, ಅಣ್ಣನಿಗೆ ತಪ್ಪು ಹೇಳ್ಬಿಟ್ಟೆ, ಬೇಜಾರಾಯ್ತು. ಆದ್ರೆ ದುಬೈ ಅಮೆರಿಕ ಮಾತು ಇಲ್ಲಿ ತರಬೇಡಿ. ಅಲ್ಲಿ ರೋಡ್ ಹೆಂಗೈತೆ ನಮ್ದು ಹೆಂಗೈತೆ. ಸ್ಪೀಡ್ ಬೋರ್ಡ್ ಮರದ ಹಿಂದೆ, ರೋಡ್ ಹಂಪ್‌ಗೆ ಬಣ್ಣ ಇಲ್ಲ, ಮಳೆಗಾಲದಲ್ಲಿ ಲೇನ್ ಗೆರೆನೇ ಕಾಣಲ್ಲ. ಇದರ ಮೇಲೆ ಪಾಯಿಂಟ್ ತಂದ್ರೆ ಕೈ ಬೆಚ್ಚಗೆ ಮಾಡೋ ರೇಟ್ ಏರುತ್ತೆ ಅಷ್ಟೇ. ಐನೂರು ಫೈನಿಗೆ ನೂರು ಕೇಳೋನು, ಡಿಎಲ್ ಹೋಗುತ್ತೆ ಅಂದ್ರೆ ಐದು ಸಾವಿರ ಕೇಳ್ತಾನೆ. ಬಡವನ ಡಿಎಲ್ ಹೋಗುತ್ತೆ, ದುಡ್ಡಿರೋನ್ದು ಉಳಿಯುತ್ತೆ.

ನಿಟ್ಟುವಳ್ಳಿ ಟೀಚರ್:
ನೀವು ಹೇಳೋ ಭಯ ನಂಗೂ ಐತೆ ಸರ್. ಆದ್ರೆ ಒಂದು ಕೇಳ್ತೀನಿ, ದುಡ್ಡಿನ ದಂಡದಲ್ಲಿ ಬಡವ ಶ್ರೀಮಂತ ಭೇದ ಇಲ್ವಾ? ಹೆಲ್ಮೆಟ್ಟಿಗೆ ನಮ್ಮ ರಾಜ್ಯದಲ್ಲಿ 500, ಗಾರೆ ಕೆಲಸದೋನಿಗೆ ಅದು ಒಂದು ದಿನದ ಕೂಲಿ ಹತ್ರ, ಎಂಬತ್ತು ಲಕ್ಷದ ಕಾರಲ್ಲಿ ಹೋಗೋನಿಗೆ ಬೆಲ್ಟಿನ 500 ಏನು? ಅವನು ದಿನಾ ಕಟ್ಟಿದ್ರೂ ಲೆಕ್ಕಕ್ಕಿಲ್ಲ. ಪಾಯಿಂಟಲ್ಲಿ ಇಬ್ಬರ ಡಿಎಲ್ಲೂ ಒಂದೇ ತೂಕ. ಅದಕ್ಕೇ ನಂಗೆ ಪಾಯಿಂಟ್ ಬೇಕು ಅನ್ಸೋದು.

ನಾನು ಹೈಸ್ಕೂಲ್ ಟೀಚರ್. ಒಂಬತ್ತನೇ ಕ್ಲಾಸ್ ಹುಡುಗ್ರು ಟ್ಯೂಷನ್ನಿಗೆ ಅಪ್ಪನ ಬೈಕಲ್ಲಿ ಮೂರು ಜನ ಬರ್ತಾರೆ, ವಿದ್ಯಾರ್ಥಿ ಭವನ ಸರ್ಕಲ್ ಹತ್ರ ಸಂಜೆ ನಿಂತು ನೋಡಿ. ಪೇರೆಂಟ್ಸ್ ಮೀಟಿಂಗಲ್ಲಿ ಹೇಳಿದ್ರೆ, ಹುಷಾರಾಗಿ ಓಡಿಸ್ತಾನೆ ಮೇಡಮ್ ಅಂತಾರೆ. 199ಎ ಅಂತ ಒಂದು ಸೆಕ್ಷನ್ ಐತೆ, ಅಪ್ರಾಪ್ತರು ಓಡಿಸಿ ತಪ್ಪು ಮಾಡಿದ್ರೆ ಅಪ್ಪ ಅಮ್ಮನಿಗೋ ಗಾಡಿ ಓನರಿಗೋ 3 ವರ್ಷದ ತನಕ ಜೈಲು 25,000 ದಂಡ, ಗಾಡಿ ರಿಜಿಸ್ಟ್ರೇಶನ್ 12 ತಿಂಗಳು ರದ್ದು, ಆ ಮಗುವಿಗೆ 25 ವರ್ಷ ತುಂಬೋ ತನಕ ಡಿಎಲ್ ಇಲ್ಲ. ಜೈಲಿನ ಮಾತಿಗೆ ಯಾರೂ ತಲೆ ಎತ್ತಲ್ಲ, ನಂಬೋದೇ ಇಲ್ಲ. 25 ವರ್ಷದ ತನಕ ಡಿಎಲ್ ಸಿಗಲ್ಲ ಅಂದಾಗ ಮಾತ್ರ ಅಮ್ಮಂದಿರು ಒಂದ್ಸಲ ಮುಖ ಮುಖ ನೋಡ್ಕೊತಾರೆ. ಡಿಎಲ್ಲಿಗೆ ಇರೋ ಭಯ ದುಡ್ಡಿಗಿಲ್ಲ, ಇದು ನಾನು ಕಣ್ಣಾರೆ ಕಂಡಿದ್ದು.

2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಸತ್ತೋರು 1,68,491 ಜನ, ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ನನ್ನ ಕ್ಲಾಸಲ್ಲೇ ಇಬ್ಬರು ಮಕ್ಕಳಿಗೆ ಅಪ್ಪ ಇಲ್ಲ, ಇಬ್ಬರದೂ ಹೈವೇ.

ಹಿರಿಯೂರು ಲಾರಿ:
ಟೀಚರಮ್ಮ ಹೇಳಿದ್ದು ಸರಿ. ನಾನು ಇಪ್ಪತ್ತು ವರ್ಷ ಸ್ವತಃ ಓಡಿಸಿ ಈಗ ನಾಲ್ಕು ಲಾರಿ ಇಟ್ಕೊಂಡಿದೀನಿ, ಓನರ್ ಕಷ್ಟ ಹೇಳ್ತೀನಿ ಕೇಳಿ. ಕ್ಯಾಮೆರಾ ಚಲನ್ ಎಲ್ಲ ಗಾಡಿ ನಂಬರಿಗೆ ಬರುತ್ತೆ, ಎಫ್‌ಸಿ, ಅಂದ್ರೆ ಗಾಡಿ ಫಿಟ್ನೆಸ್ ಸರ್ಟಿಫಿಕೇಟ್, ಮಾಡಿಸೋಕೆ ಹೋದಾಗ ಗೊತ್ತಾಗುತ್ತೆ ಎಷ್ಟೈತೆ ಅಂತ. ಹೆವಿ ಗಾಡಿ ಅತಿವೇಗಕ್ಕೆ ಕಾಯ್ದೆಲಿ 2,000ದಿಂದ 4,000. ಓಡಿಸಿದ ಹುಡುಗ ಅಷ್ಟೊತ್ತಿಗೆ ಬೇರೆ ಕಡೆ ಸೇರಿರ್ತಾನೆ, ದುಡ್ಡು ನಾನೇ ಕಟ್ಟೋದು. ದುಡ್ಡು ಹೋಗ್ಲಿ ಅತ್ಲಾಗೆ. ನನ್ನ ಚಿಂತೆ ಬೇರೆ. ಹೊಸ ಡ್ರೈವರ್ ಕೆಲಸ ಕೇಳ್ಕೊಂಡು ಬರ್ತಾನೆ, ಡಿಎಲ್ ತೋರಿಸ್ತಾನೆ, ಕಾರ್ಡು ಫಳಫಳ ಅಂತೈತೆ. ಹಿಂದಿನ ಓನರ್ ಹತ್ರ ಎಷ್ಟು ಸಲ ಸಿಕ್ಕಿದಾನೆ, ಕುಡೀತಾನಾ, ರಾತ್ರಿ ಗಾಡಿ ಹೆಂಗೆ ಹೊಡೀತಾನೆ, ನಂಗೆ ಹೆಂಗೆ ಗೊತ್ತಾಗ್ಬೇಕು? ಫೋನ್ ಮಾಡಿ ಕೇಳಿದ್ರೆ ಒಳ್ಳೆ ಹುಡುಗ ಅಂತಾರೆ, ಯಾಕಂದ್ರೆ ಅವರಿಗೂ ಸಾಗಹಾಕ್ಬೇಕಾಗಿರುತ್ತೆ. 25 ಟನ್ ಲೋಡ್ ಕೊಟ್ಟು ಗುಯಿಲಾಳು ಟೋಲ್ ದಾಟಿಸ್ತೀನಿ, ಮನೇಲಿ ನಿದ್ದೆ ಬರಲ್ಲ.

ಮೊದ್ಲು ಡಿಎಲ್ ಪುಸ್ತಕದ ತರ ಇತ್ತು, ಹಿಂದೆ ಖಾಲಿ ಹಾಳೆ ಇರ್ತಿತ್ತು, ಕೋರ್ಟಲ್ಲಿ ಶಿಕ್ಷೆ ಆದ್ರೆ ಅಲ್ಲಿ ಬರೀತಿದ್ರು. ನಮ್ಮ ಗುರು, ನಂಗೆ ಲಾರಿ ಕಲಿಸಿದೋರು, ಅವರ ಪುಸ್ತಕದ ಆ ಹಾಳೆ ಸಾಯೋ ತನಕ ಖಾಲಿ ಇತ್ತು. ಬಂದೋರಿಗೆಲ್ಲ ತೆಗೆದು ತೋರಿಸೋರು. ನಮ್ಮಂತೋರಿಗೆ ಅದೇ ಮಾರ್ಕ್ಸ್ ಕಾರ್ಡು.

ದುರ್ಗದ ವಕೀಲ:
ಆ ಹಾಳೆ ಕಾಯ್ದೆಲಿ ಇವತ್ತಿಗೂ ಐತೆ ಯಜಮಾನ್ರೇ, 24ನೇ ಸೆಕ್ಷನ್, ಎಂಡಾರ್ಸ್‌ಮೆಂಟ್ ಅಂತಾರೆ. ಅದು ಬಿದ್ದ ಮೇಲೆ 3 ವರ್ಷ ಇನ್ನೊಂದು ಬೀಳದೆ ಇದ್ರೆ ಕ್ಲೀನ್ ಡಿಎಲ್ ಕೇಳಿ ಪಡೀಬಹುದು, ಬರೀ ಸ್ಪೀಡಿಂದಾಗಿದ್ರೆ 1 ವರ್ಷ ಸಾಕು. ಒಂಥರಾ ನಮ್ಮದೇ ಪಾಯಿಂಟ್ ಪದ್ಧತಿ ಅದು, ತಪ್ಪು ಬರೆಯೋದೂ ಉಂಟು ಕಾಲ ಕಳೆದ ಮೇಲೆ ಅಳಿಸೋದೂ ಉಂಟು. ಆದ್ರೆ ಕೋರ್ಟಲ್ಲಿ ಶಿಕ್ಷೆ ಆದ್ರೆ ಇಲ್ಲಾ ಅನರ್ಹತೆ ಆದೇಶ ಆದ್ರೆ ಮಾತ್ರ, ಬರೀ ರೋಡಲ್ಲಿ ಕಟ್ಟಿ ಮುಗಿಸಿದ್ದಕ್ಕೆ ಅದು ಬರಲ್ಲ, ಹಂಗಾಗಿ ಯಾರ ಕಣ್ಣಿಗೂ ಬೀಳ್ತಿಲ್ಲ.

ಇನ್ನು ಕ್ಯಾಮೆರಾ ಚಲನ್ ಬಂದಾಗ ನೀವು ಸುಮ್ನೆ ಕಟ್ಟಬೇಕು ಅಂತೇನಿಲ್ಲ. 133ನೇ ಸೆಕ್ಷನ್ ಪ್ರಕಾರ ಓಡಿಸಿದೋನು ಯಾರು ಅಂತ ಕೇಳಿದ್ರೆ ಹೇಳೋದು ಓನರ್ ಕರ್ತವ್ಯ, ಟ್ರಿಪ್ ಶೀಟಲ್ಲಿ ಡ್ರೈವರ್ ಸಹಿ, ಡಿಎಲ್ ನಂಬರ್, ಹೊರಟ ಟೈಮು ಬರೆಸಿಟ್ಕೊಳ್ಳಿ. ಇದು ಮುಂದೆ ಜಾಸ್ತಿನೇ ಆಗುತ್ತೆ, 2021ರ ಆಗಸ್ಟಲ್ಲಿ ಕೇಂದ್ರ ನಿಯಮ 167ಎ ತಂದಾಗ ಕ್ಯಾಮೆರಾ ನಿಗಾ ಬೇಕು ಅಂತ 132 ಊರಿನ ಪಟ್ಟಿ ಕೊಟ್ರು, ನಮ್ಮ ರಾಜ್ಯದಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಜೊತೆ ದಾವಣಗೆರೆನೂ ಅದರಲ್ಲಿ ಐತೆ. ಮತ್ತೆ ಕೆಲಸಕ್ಕೆ ತಗೊಳ್ಳೋ ಮುಂಚೆ ಪರಿವಾಹನ್ ಸೈಟಲ್ಲಿ ಅವನ ಡಿಎಲ್ ನಂಬರು ಹುಟ್ಟಿದ ತಾರೀಖು ಹಾಕಿ ಸ್ಟೇಟಸ್ ನೋಡಿ. ಅವನ ಹಳೇ ಕಥೆ ಎಲ್ಲ ಬರಲ್ಲ, ಡಿಎಲ್ ಚಾಲ್ತಿಲಿ ಐತಾ ಇಲ್ವಾ ಅನ್ನೋದಾದ್ರೂ ಗೊತ್ತಾಗುತ್ತೆ. ಡಿಎಲ್ ಇಲ್ಲದೋನ ಕೈಗೆ ಗಾಡಿ ಕೊಟ್ರೆ 180ರಲ್ಲಿ ಓನರಿಗೇ 3 ತಿಂಗಳ ತನಕ ಜೈಲು ಇಲ್ಲಾ 5,000 ದಂಡ, ಎರಡೂ ಆಗಬಹುದು.

ಮಂಡಿಪೇಟೆ:
ಸರಿ, ಅನರ್ಹ ಮಾಡಿದ ಮೇಲೂ ಓಡಿಸಿದ್ರೆ ಏನಾಗುತ್ತೆ? ನಮ್ಮ ಏರಿಯಾದಲ್ಲಿ ಹಂಗೆ ಓಡಾಡೋರು ಇದಾರೆ ಅದಕ್ಕೆ ಕೇಳ್ತಿದೀನಿ.

ದುರ್ಗದ ವಕೀಲ:
182, 3 ತಿಂಗಳ ತನಕ ಜೈಲು ಇಲ್ಲಾ 10,000 ದಂಡ ಇಲ್ಲಾ ಎರಡೂ. ಅದಕ್ಕಿಂತ ದೊಡ್ಡದು ಇನ್ಶೂರೆನ್ಸ್. ಆ ಟೈಮಲ್ಲಿ ಯಾರಿಗಾದ್ರೂ ಗುದ್ದಿದ್ರೆ, ಓಡಿಸಿದೋನಿಗೆ ಲೈಸೆನ್ಸ್ ಇರ್ಲಿಲ್ಲ ಅಂತ ಕಂಪನಿ ವಾದ ಮಾಡುತ್ತೆ. ಸತ್ತೋರ ಮನೆಯೋರಿಗೆ ಕೋರ್ಟು ಕಂಪನಿ ಕೈಲಿ ಕೊಡಿಸಿದ್ರೂ ಆಮೇಲೆ ಅದನ್ನ ಗಾಡಿ ಓನರಿಂದ ವಸೂಲಿ ಮಾಡೋಕೆ ಅವಕಾಶ ಕೊಡುತ್ತೆ. ನಾನು ಹತ್ರದಿಂದ ನೋಡಿದ ಒಂದು ಮನೆ, ಎರಡು ಎಕರೆ ಅಡಿಕೆ ತೋಟ ಹಂಗೇ ಹೋಯ್ತು. ಹದಡಿ ರೋಡ್ ಅವರಿಗೆ ಮೊದ್ಲೇ ಸ್ಟೇರಿಂಗ್ ಮುಟ್ಟಬೇಡಿ ಅಂದಿದ್ದು ಇದಕ್ಕೇ. ಅವರ ಮೇಲೆ ಇನ್ನೂ ಅನರ್ಹತೆ ಆದೇಶ ಆಗಿಲ್ಲ ನಿಜ, ಆದ್ರೆ ಓಡಿಸೋ ಹಕ್ಕು ಕೊಡದ ರಸೀದಿ ಇಟ್ಕೊಂಡು ಕ್ಲೇಮ್ ಕೋರ್ಟಲ್ಲಿ ನಿಂತ್ಕೊಳ್ಳೋ ಪರಿಸ್ಥಿತಿ ಯಾರಿಗೂ ಬೇಡ.

ಮತ್ತೆ ಇದೆಲ್ಲ 2019ರಲ್ಲಿ ದಿಢೀರ್ ಅಂತ ಬಂದಿದ್ದಲ್ಲ. 2015ರ ಆಗಸ್ಟಲ್ಲೇ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ ಎಲ್ಲ ರಾಜ್ಯಕ್ಕೂ ಬರೆದಿತ್ತು, ಅತಿವೇಗ, ಸಿಗ್ನಲ್ ಜಂಪ್, ಕುಡಿತ, ಮೊಬೈಲು, ಓವರ್‌ಲೋಡು, ಗೂಡ್ಸ್ ಗಾಡೀಲಿ ಜನ ತುಂಬೋದು, ಈ ಆರಕ್ಕೆ ಕಮ್ಮಿ ಅಂದ್ರೂ 3 ತಿಂಗಳು ಡಿಎಲ್ ಅಮಾನತು ಮಾಡಿ ಅಂತ.

ನಿಟ್ಟುವಳ್ಳಿ ಟೀಚರ್:
ಗೂಡ್ಸ್ ಗಾಡಿ ಅಂದ್ರಲ್ಲ ಸರ್, ಮೆಕ್ಕೆಜೋಳ ಕೊಯ್ಲು ಶುರುವಾದ್ರೆ ಬಾಡಾ ಕ್ರಾಸ್ ಕಡೆ ಬೆಳಿಗ್ಗೆ ಲಗೇಜ್ ಆಟೋಲಿ ಇಪ್ಪತ್ತು ಹೆಣ್ಮಕ್ಕಳು ನಿಂತ್ಕೊಂಡು ಹೋಗ್ತಾರೆ. ಆ ಡ್ರೈವರ್ ಡಿಎಲ್ ಹೋದ್ರೆ ನಾಳೆ ಇನ್ನೊಬ್ಬ ಬರ್ತಾನೆ. ಅವರಿಗೆ ಬಸ್ಸೂ ಬೇಕಲ್ವಾ?

ಹಿರಿಯೂರು ಲಾರಿ:
ಬೇಕು ತಾಯಿ. ಅದನ್ನೂ ಕೇಳ್ಬೇಕು.

ಹದಡಿ ರೋಡ್ ಡ್ರೈವರ್:
ಎಲ್ರಿಗೂ ಅಪ್ಡೇಟ್. ನಿನ್ನೆ ಹಿಯರಿಂಗಿಗೆ ಹೋಗಿದ್ದೆ. ಹದಿನಾಲ್ಕು ವರ್ಷದಲ್ಲಿ ಇದೇ ಮೊದಲನೇದು, ದುಡಿಮೆ ಇದರ ಮೇಲೇ ಐತೆ ಅಂತ ಬರೆದುಕೊಟ್ಟೆ, ತಪ್ಪು ಮಾಡಿದ್ದು ನಿಜ ಅಂತಲೂ ಬರೆದೆ. ಸಮಾಧಾನವಾಗಿ ಕೇಳಿಸ್ಕೊಂಡ್ರು. 3 ತಿಂಗಳು ಅಂತ ಆದೇಶ ಆಯ್ತು, ಇವತ್ತು ಪ್ರತಿ ಕೈಗೆ ಬಂತು. ಅಪೀಲು ಹೋಗಲ್ಲ ಸರ್, ಮನಸ್ಸಿಲ್ಲ. ಆ ಬಸುರಿ ಹೆಂಗಸಿನ ಮನೆಯೋರು ಮೊನ್ನೆ ಫೋನ್ ಮಾಡಿ ಹೆಣ್ಣು ಮಗು ಆಯ್ತು ಅಂತ ಹೇಳಿದ್ರು, ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬರೋಕೆ ನೀನೇ ಬಾ ಅಂದ್ರು, ಆಗಲ್ಲ ಅಂತ ಹೇಳೋಕೆ ತುಂಬಾ ಕಷ್ಟ ಆಯ್ತು.

ಮದುವೆ ಟ್ರಿಪ್ ಎರಡಕ್ಕೂ ನಮ್ಮ ಸ್ಟ್ಯಾಂಡಿನ ಹುಡುಗ ಒಬ್ಬ ಸಿಕ್ಕಿದಾನೆ, ಬ್ಯಾಡ್ಜ್ ಐತೆ, ವಕೀಲರು ಹೇಳಿದ ಹಾಗೆ ಸೈಟಲ್ಲಿ ಅವನ ಡಿಎಲ್ ಸ್ಟೇಟಸ್ ನೋಡಿದೆ, ಚಾಲ್ತಿಲಿ ಐತೆ. ದಿನಕ್ಕೆ ಬೇಟ ಕೊಟ್ಟು ಉಳಿದಿದ್ದರಲ್ಲಿ ಇಎಂಐ ಕಟ್ಟಬೇಕು. ತಮ್ಮ ಟ್ರಾಫಿಕ್ ಸ್ಕೂಲ್ ಸೇರಿದಾನೆ, ಎಂಸಿಸಿ ಬಿ ಬ್ಲಾಕ್ ಅವರಿಗೆ ಥ್ಯಾಂಕ್ಸ್ ಹೇಳು ಅಂದ. ಸರ್, ನನ್ನ ರಿಫ್ರೆಶರ್ ಟ್ರೈನಿಂಗು 3 ತಿಂಗಳು ಮುಗಿದ ಮೇಲೆ ಮಾಡ್ಬೇಕಾ, ಈಗ್ಲೇ ಮಾಡಬಹುದಾ?

ದುರ್ಗದ ವಕೀಲ:
ಈಗ್ಲೇ ಮಾಡಿ, ಕೊನೇ ವಾರಕ್ಕೆ ಇಟ್ಕೊಂಡ್ರೆ ಬ್ಯಾಚ್ ಸಿಗದೆ ಇನ್ನೂ ಹದಿನೈದು ದಿನ ಹೋಗುತ್ತೆ. ಸರ್ಕಾರದ ಲೈಸೆನ್ಸ್ ಇರೋ ಟ್ರೈನಿಂಗ್ ಸ್ಕೂಲಲ್ಲೇ ಮಾಡಿ, ಸರ್ಟಿಫಿಕೇಟ್ ಎರಡು ಜೆರಾಕ್ಸ್ ಇಟ್ಕೊಳ್ಳಿ. ಆದೇಶದಲ್ಲಿ 3 ತಿಂಗಳು ಯಾವ ತಾರೀಖಿಂದ ಅಂತ ಬರೆದಿದಾರೆ ನೋಡಿ, ಕಾರ್ಡ್ ಇಸ್ಕೊಂಡ ದಿನದಿಂದನಾ ಆದೇಶದ ದಿನದಿಂದನಾ. ಅದು ಸ್ಪಷ್ಟ ಇಲ್ಲ ಅಂದ್ರೆ ಸೋಮವಾರನೇ ಹೋಗಿ ಬರೆಸ್ಕೊಂಡು ಬನ್ನಿ.

ಹದಡಿ ರೋಡ್ ಡ್ರೈವರ್:
ಆದೇಶದ ದಿನದಿಂದ ಅಂತ ಐತೆ ಸರ್. ಸೋಮವಾರ ಟ್ರೈನಿಂಗಿಗೆ ಹೆಸರು ಬರೆಸ್ತೀನಿ.